ಮಗಳು ಬಂದಾಳೇನ್ರೀ?

ಬಾಯಾರ ಹೆಬ್ಬೆರಳು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅದು ನನಗೆ ಗೊತ್ತಾದದ್ದು ನಾನು ಕೆಲಸಕ್ಕೆ ಸೇರಿದ ದಿನ. ಜಮಖಂಡಿಯ ನಮ್ಮ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳ ಕೈ ಹಿಡಿದು ಸೀದಾ ಕಿಟಕಿಯ ಬಳಿ ಕರೆದೊಯ್ದರು. ಆ ಹೆಬ್ಬೆರಳಿನಿಂದ ನನ್ನ ಕೆಳರೆಪ್ಪೆಯನ್ನು ಜಗ್ಗಿ ಬೆಳಕಿಗೆ ಹಿಡಿದು ನೋಡಿದರು. "ಮ್ಯಾಲೆ ನೋಡು. ಇನ್ನಷ್ಟು ಮ್ಯಾಲೆ." ನೋಡಿದೆ. "ರಕ್ತ ಕಮ್ಮಿ ಅದ. ಸಜ್ಜಿ ರೊಟ್ಟಿ ತಿನ್ನು, ಪುಂಡಿಪಲ್ಲೆ ತಿನ್ನು. ಹಾಂ, ಈಗ ಹೇಳು, ನಿನ್ನ ಹೆಸರೇನು?"

ಚಹಾ ತರುವವನಿಂದ ಹಿಡಿದು ಜಿಲ್ಲೆಯಿಂದ ಬರುವ ಸಾಹೇಬರವರೆಗೆ ಯಾರೂ ಆ ಹೆಬ್ಬೆರಳಿನಿಂದ ತಪ್ಪಿಸಿಕೊಂಡವರಿಲ್ಲ. ಒಬ್ಬ ಸಾಹೇಬರಂತೂ ಹಿರಿಯರು ಆಶೀರ್ವಾದ ಮಾಡುತ್ತಿದ್ದಾರೆಂದು ತಿಳಿದು ತಲೆ ಬಾಗಿಸಿದರು. ಬಾಯಾರು ಅವರ ಗದ್ದ ಹಿಡಿದು ಮೇಲೆತ್ತಿ, "ತಲೀ ಬಗ್ಗಿಸಿದ್ರ ಕಣ್ಣು ಹೆಂಗ ನೋಡ್ಲಿರೀ?" ಎಂದಿದ್ದರು.

ಎಲ್ಲರೂ ಅವರನ್ನು ಬಾಯಾರು ಎಂದೇ ಕರೆಯುತ್ತಿದ್ದೆವು. ಡಾಕ್ಟರ್ ಎಂದು ಕರೆದರೆ ಅವರಿಗೆ ಗಾಬರಿ. "ಯಾರಿಗೇನಾತು?" ಎಂದು ಎದ್ದೇ ನಿಲ್ಲುತ್ತಿದ್ದರು. ಮಿರಜಿನಲ್ಲಿ ವರ್ಷಾನುಗಟ್ಟಲೆ ಡಾಕ್ಟರಾಗುವ ಹುಡುಗರಿಗೆ ಸಾರ್ವಜನಿಕ ಆರೋಗ್ಯದ ಪಾಠ ಹೇಳಿ ನಿವೃತ್ತರಾದವರು. ಗಂಡನ ಮನೆ ಅಲ್ಲಿಯೇ. ಆಧಾರ್ ಕಾರ್ಡು, ರೇಷನ್ ಕಾರ್ಡು, ಮತದಾನ ಎಲ್ಲ ಅಲ್ಲಿಯದೇ. ಆದರೆ ನಿವೃತ್ತಿಯಾದ ಮೇಲೆ ಅವರು ಹುಟ್ಟಿದೂರು ಜಮಖಂಡಿಗೆ ಬಂದು ಅಣ್ಣನ ಮನೆಯಲ್ಲಿ ಉಳಿದುಕೊಂಡು ಈ ಅಧ್ಯಯನ ಶುರು ಮಾಡಿದ್ದರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ತಾಲೂಕುಗಳಲ್ಲಿ ಯಾವ ರೋಗ ಎಲ್ಲಿ ಬರುತ್ತದೆ, ಅಲ್ಲೇ ಯಾಕೆ ಬರುತ್ತದೆ ಎಂದು ನಕಾಶೆಯ ಮೇಲೆ ನೋಡುವ ಕೆಲಸ ಅದು. ನಾನು ಭೂಗೋಳ ಓದಿದವಳು. ಕಂಪ್ಯೂಟರಿನ ನಕಾಶೆಯ ಮೇಲೆ ಮನೆ, ನಳ, ಬೋರು, ಗಟಾರ, ದವಾಖಾನೆ, ಕಾಯಿಲೆ ಬಿದ್ದವರು ಎಲ್ಲಕ್ಕೂ ಚುಕ್ಕೆ ಇಡುವುದು ನನ್ನ ಪಾಲಿನ ಕೆಲಸ.

ಬಾಯಾರಷ್ಟು ಚಿಂತೆ ಮಾಡುವ ಜೀವವನ್ನು ನಾನು ಮತ್ತೊಂದು ಕಂಡಿಲ್ಲ. ಬಸ್ಸು ತಡವಾದರೆ ಚಿಂತೆ, ಬೇಗ ಬಂದರೂ ಚಿಂತೆ. ಬೆಳಗ್ಗೆ ಹಲ್ಲು ಉಜ್ಜುವ ಹೊತ್ತಿಗೆ ಫೋನ್ ಬರುತ್ತಿತ್ತು. "ಏ ಹುಡುಗೀ, ನಿನ್ನೆ ಆ ಬೀಳಗಿ ಕಡೆ ಹಳ್ಳಿ ಒಳಗ ಒಂದೂ ಚುಕ್ಕಿ ಇರ್ಲಿಲ್ಲ ನೋಡು. ನನಗ್ಯಾಕೋ ಸಮಾಧಾನ ಆಗವಲ್ತು." ಜ್ವರವೇ ಇಲ್ಲದಿದ್ದರೆ ಚುಕ್ಕೆ ಎಲ್ಲಿಂದ ತರಲಿ ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ. ಅವರದು ಒಂದೇ ಮಾತು: "ಚುಕ್ಕಿ ಇದ್ದಲ್ಲಿ ರೋಗ ಅದ ಅನ್ನೋದು ಸಣ್ಣ ಮಾತು. ಚುಕ್ಕಿ ಇಲ್ಲದಲ್ಲಿ ಏನದ, ಅದನ್ನ ಹೇಳು."

ಹೀಗೆ ಒಮ್ಮೆ ಚಿಮ್ಮಡದಲ್ಲಿ ಜ್ವರದ ಸರ್ವೆ ನಡೆದಿತ್ತು. ಬಂದ ಮಾಹಿತಿಯನ್ನು ನಕಾಶೆಗೆ ಹಾಕಿದರೆ ಊರಿನ ಜ್ವರವೆಲ್ಲ ಗುಡಿಯ ಕಟ್ಟೆಯ ಸುತ್ತ ಗುಂಪುಗಟ್ಟಿತ್ತು. ಪಕ್ಕದಲ್ಲೇ ನಿಂತ ನೀರಿನ ಗುಂಡಿಯೂ ಇತ್ತು. ನನಗೆ ಹಿಗ್ಗೋ ಹಿಗ್ಗು. ರೋಗದ ಗೂಡನ್ನೇ ಹಿಡಿದೆನೆಂದು ದೊಡ್ಡ ವರದಿ ಬರೆಯಲು ಕೂತೆ. ಬಾಯಾರಿಗೆ ಅದೂ ಸಮಾಧಾನವಾಗಲಿಲ್ಲ. ಆಟೋ ಮಾಡಿಕೊಂಡು ಹೋಗಿ ಆ ಕಟ್ಟೆಯ ಮೇಲೆ ಕೂತು ಫೋನ್ ಮಾಡಿದರು. "ಏ ಹುಡುಗೀ, ನಿನ್ನ ಗೂಡು ಸಿಕ್ತು. ಇಲ್ಲಿ ಜ್ವರ ಇಲ್ಲ, ನೆಟ್‌ವರ್ಕ್ ಅದ." ಊರೆಲ್ಲ ತಿರುಗಿ ಬಂದ ಕಾರ್ಯಕರ್ತೆ ನೆಟ್‌ವರ್ಕ್ ಸಿಗುವ ಆ ಒಂದೇ ಜಾಗದಲ್ಲಿ ಕೂತು ಎಲ್ಲ ಮನೆಗಳನ್ನೂ ಮೊಬೈಲಿಗೆ ತುಂಬಿದ್ದಳು. ಮೊಬೈಲು ತಾನಿದ್ದ ಜಾಗವನ್ನೇ ಎಲ್ಲರ ಮನೆ ಎಂದು ಬರೆದುಕೊಂಡಿತ್ತು. ಬಾಯಾರು ಆಕೆಯನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಆಮೇಲೆ ವಾರಗಟ್ಟಲೆ "ನಾಳೆ ಮತ್ತೆಲ್ಲಿ ಹಿಂಗಾಗಿರ್ತದೋ" ಎಂದು ನಿದ್ದೆಗೆಟ್ಟರು, ಅಷ್ಟೆ.

ನನ್ನನ್ನು ಬೀಳಗಿಯ ಕಡೆಗೆ ಕೊಟ್ಟಿದ್ದರು. ತವರು ರಬಕವಿ. ಅಪ್ಪನಿಗೆ ಮನೆಯಲ್ಲೇ ಎರಡು ಪಾವರ್‌ಲೂಮ್ ಮಗ್ಗಗಳಿವೆ. ಚೊಚ್ಚಲ ಬಸುರಿಯಾದಾಗ ಏಳು ತಿಂಗಳಿಗೆ ಸೀಮಂತದ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಪದ್ಧತಿಯಂತೆ ನನ್ನನ್ನು ತವರಿಗೆ ಕರೆತಂದರು. ಬಾಯಾರೂ ಕುಬಸಕ್ಕೆ ಬಂದು, ಊಟ ಮಾಡಿ, ನನ್ನ ಕಣ್ಣು ನೋಡಿ ಹೋಗಿದ್ದರು. ಕೆಲಸ ಮಾತ್ರ ಬಿಟ್ಟಿರಲಿಲ್ಲ. ಹೆಚ್ಚಿನ ದಿನ ತವರಲ್ಲೇ ಕೂತು ನಕಾಶೆ ಮಾಡುತ್ತಿದ್ದೆ, ಬೇಕಾದಾಗ ಬಸ್ಸಿಗೆ ಜಮಖಂಡಿಗೆ ಹೋಗಿ ಬರುತ್ತಿದ್ದೆ. ಅವ್ವ ದಿನಾ ಬೈಯುತ್ತಿದ್ದಳು: "ಹೊಟ್ಟ್ಯಾಗ ಕೂಸ ಇಟಗೊಂಡು ಬಸ್ಸಿನ್ಯಾಗ ಕುಣಕೋತ ಹೊಂಟ್ಯಲ್ಲ, ಏನ ಹೇಳ್ಲಿ ನಿನಗ?"

ಆ ಮಳೆಗಾಲ ಮುಗಿಯುತ್ತ ಬಂದಾಗ ರಬಕವಿಯ ನಮ್ಮ ಓಣಿಯಲ್ಲೇ ಕಾಮಾಲೆ ಕಾಣಿಸಿಕೊಂಡಿತು. ಮೊದಲು ಮೂಲೆಮನೆಯ ಮಗ್ಗದವನಿಗೆ, ಆಮೇಲೆ ಅವನ ತಮ್ಮನಿಗೆ, ಆಮೇಲೆ ಎದುರು ಸಾಲಿನಲ್ಲಿ. ಜನ ಕಾಮಣಿ ಎಂದು ನಾಟಿ ಔಷಧ ಕುಡಿಸಿ, ಎಣ್ಣೆ-ಖಾರ ಬಿಡಿಸಿ ಸುಮ್ಮನಿದ್ದರು. ರಕ್ತ ಪರೀಕ್ಷೆಯಾದ ಮೇಲೆ ಅದು ಯಾವ ಜಾತಿಯ ಕಾಮಾಲೆ ಎಂದು ತಿಳಿಯಿತು. ಹೊಲಸು ಸೇರಿದ ನೀರಿನಿಂದ ಬರುವಂಥದು. ಉಳಿದವರನ್ನು ಬಹುಪಾಲು ಕೆಲವು ವಾರ ಮಲಗಿಸಿ ಬಿಟ್ಟುಬಿಡುತ್ತದೆ. ಬಸುರಿಯರನ್ನು, ಅದರಲ್ಲೂ ದಿನ ತುಂಬುತ್ತ ಬಂದವರನ್ನು, ಹಾಗೆ ಬಿಡುವುದಿಲ್ಲ. ತಾಯಿ-ಕೂಸು ಇಬ್ಬರ ಜೀವಕ್ಕೂ ಎರವಾಗಬಹುದು.

ಬಾಯಾರು ಕೂಡಲೇ ನಕಾಶೆ ಕೇಳಿದರು. ಕಾಯಿಲೆ ಬಿದ್ದವರಿಗೆ ಕೆಂಪು ಚುಕ್ಕೆ, ನೀರಿನ ಪೈಪಿಗೆ ನೀಲಿ ಗೆರೆ, ಬಸುರಿಯರಿಗೆ ಹಸಿರು ಚುಕ್ಕೆ. ಬಸುರಿಯರ ಹೆಸರೆಲ್ಲ ತಾಯಿ ಕಾರ್ಡಿನ ವಿಳಾಸದೊಂದಿಗೆ ನಮ್ಮಲ್ಲಿ ಮೊದಲೇ ಇದ್ದವು. ನಮ್ಮ ಓಣಿಯ ಸುತ್ತ ಒಂದು ವೃತ್ತ ಎಳೆದೆ. ಒಳಗೆ ಹಸಿರು ಚುಕ್ಕೆಗಳು ಕೆಲವೇ ಇದ್ದವು. ಆ ಮನೆಗಳಿಗೆ ಫೋನ್ ಮಾಡಿ ವಿಚಾರಿಸಿದರೆ, ಆ ಸೊಸೆಯರೆಲ್ಲ ಹೆರಿಗೆಗೆಂದು ಅವರವರ ತವರಿಗೆ ಹೋಗಿದ್ದರು. ನನಗೆ ಜೀವ ಬಂದಂತಾಯಿತು. ಜಮಖಂಡಿಗೆ ಹೋಗಿ, ಸೊಂಟದ ಮೇಲೆ ಕೈ ಇಟ್ಟು ನಿಂತುಕೊಂಡು, "ವೃತ್ತದಾಗ ಬಸುರಿ ಹೆಣ್ಮಕ್ಕಳು ಯಾರೂ ಇಲ್ರಿ ಬಾಯಾರ," ಎಂದು ನಗುನಗುತ್ತ ಹೇಳಿದೆ.

ಬಾಯಾರು ನಕಾಶೆ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ನನ್ನ ಹೊಟ್ಟೆ ನೋಡಿದರು.

"ನೀ ಎಲ್ಲಿದ್ದೀ?"

"ಇಲ್ಲೇ ಅದೀನಲ್ರಿ."

"ಇಲ್ಲಿ ಅಲ್ಲ. ಇದರಾಗ," ಎಂದು ಪರದೆಯ ಮೇಲೆ ಬೆರಳಿಟ್ಟರು.

ನಾನು ಎಲ್ಲಿದ್ದೆ? ಬೀಳಗಿಯ ಕಡೆಯ ಗಂಡನ ಊರಿನಲ್ಲಿ, ಕಾಮಾಲೆಯ ಸುಳಿವೇ ಇಲ್ಲದ ಜಾಗದಲ್ಲಿ, ಹಸಿರು ಚುಕ್ಕೆಯಾಗಿ ಕ್ಷೇಮವಾಗಿದ್ದೆ. ತಾಯಿ ಕಾರ್ಡಿನ ವಿಳಾಸ ನೋಡಿ ಆ ಚುಕ್ಕೆಯನ್ನು ನಾನೇ ಇಟ್ಟಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ನಾನು ಹೊಟ್ಟೆಯಲ್ಲೇ ಇಟ್ಟುಕೊಂಡು ಹುಡುಕಿದ್ದೆ. ಓಣಿಯ ಸೊಸೆಯರು ತವರಿಗೆ ಹೋದರೆಂದು ಗೊತ್ತಾದವಳಿಗೆ, ಓಣಿಯ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆಂದು ಹೊಳೆದಿರಲಿಲ್ಲ. ಬಂದವರು ಯಾರೂ ನಮ್ಮ ನಕಾಶೆಯಲ್ಲಿ ಅಲ್ಲಿರಲಿಲ್ಲ. ಮುಧೋಳದಲ್ಲಿದ್ದರು, ಲೋಕಾಪುರದಲ್ಲಿದ್ದರು, ಇನ್ನೆಲ್ಲೋ ಇದ್ದರು.

ಬಾಯಾರು ಕುರ್ಚಿಯ ಮೇಲೆ ಕೂತರು. "ನಾನೂ ತವರಿಗೆ ಬಂದೇ ಹಡದಾಕಿ. ನಿನ್ನ ಕುಬಸದ ಹೋಳಿಗಿ ಉಂಡೇನಿ. ನನಗೂ ಹೊಳೀಲಿಲ್ಲ ನೋಡು." ಆಮೇಲೆ ಎದ್ದು ನನ್ನನ್ನು ಕಿಟಕಿಗೆ ಕರೆದೊಯ್ದರು. ಆ ತಣ್ಣನೆ ಹೆಬ್ಬೆರಳಿನಿಂದ ಎರಡೂ ರೆಪ್ಪೆಗಳನ್ನು ಜಗ್ಗಿ ನೋಡಿದರು.

"ಆ ನೀರು ಎಂದಿನಿಂದ ಕುಡೀಲಿಕ್ಕತ್ತೀ?"

"ಬಂದಾಗಿಂದ್ರಿ. ಅವ್ವ ಅರಿವ್ಯಾಗ ಸೋಸ್ತಾಳ್ರಿ. ಕಾಸಾಕ ಹತ್ತಿದ್ದು ಮೊನ್ನೆಯಿಂದ."

"ಕಣ್ಣು ಬೆಳ್ಳಗ ಅವ, ಹಳದಿ ಇಲ್ಲ," ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದರು: "ಇವತ್ತಿಗೆ." ಹೊಟ್ಟೆಗೆ ಹೋದ ರೋಗ ಹೊರಗೆ ಕಾಣಿಸಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆಂದು ನನಗೂ ಗೊತ್ತಿತ್ತು. ಗೊತ್ತಿರುವುದೇ ದೊಡ್ಡ ಶಿಕ್ಷೆಯಾಯಿತು.

ಮರುದಿನ ಬೆಳಗ್ಗೆಯೇ ಬಾಯಾರು ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ನಮ್ಮ ಓಣಿಗೆ ಬಂದರು. ನಾನೂ ಜೊತೆಗೆ ಹೊರಟೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಬಾಯಾರು, "ಈ ಓಣಿಗೆ ನಾ ಪರಕೀಯ, ಆಕಿ ಮಗಳು. ಆಕಿ ಮುಖಾ ನೋಡಿದ್ರ ಬಾಗಲಾ ತಗೀತಾರ," ಎಂದ ಮೇಲೆ ದಾರಿ ಬಿಟ್ಟಳು.

ಮೊದಲ ಮನೆಗಳಲ್ಲಿ ಕಾರ್ಯಕರ್ತೆ, "ಮನ್ಯಾಗ ಬಸುರಿ ಹೆಣ್ಮಕ್ಕಳು ಅದಾರೇನ್ರೀ?" ಎಂದು ಕೇಳಿದಳು. ಎಲ್ಲರೂ ಇಲ್ಲ ಎಂದರು. ಅವರು ಸುಳ್ಳು ಹೇಳಲಿಲ್ಲ. ಮನೆಯ ಹೆಣ್ಣುಮಕ್ಕಳೆಂದರೆ ಸೊಸೆಯರು. ಮಗಳು ಎಂದೋ ಬೇರೆ ಮನೆಯವಳಾಗಿದ್ದಾಳೆ. ಒಂದು ಮನೆಯ ಹೊಸ್ತಿಲಲ್ಲಿ ಬಾಯಾರು ಕಾರ್ಯಕರ್ತೆಯನ್ನು ತಡೆದು ತಾವೇ ಮುಂದೆ ಬಂದರು. ಆಮೇಲೆ ಒಳಗಿದ್ದ ಮುದುಕಿಗೆ, ನೆಂಟರ ಮನೆಗೆ ಬಂದವರ ಹಾಗೆ, "ಮಗಳು ಬಂದಾಳೇನ್ರೀ?" ಎಂದರು.

ಮುದುಕಿಯ ಮುಖ ಅರಳಿತು. "ಬಂದಾಳ್ರೀ! ಮುಧೋಳದಿಂದ ಮೊನ್ನೆ ಕರಕೊಂಡ ಬಂದೀವಿ. ಬರ್ರಿ, ಒಳಗ ಬರ್ರಿ."

ಅಲ್ಲಿಂದ ಮುಂದೆ ಅದೊಂದೇ ಪ್ರಶ್ನೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತಾರೆ, ಬೇಡವೆಂದರೆ ಅವಮಾನ. ಆ ನೀರನ್ನು ಕುಡಿಯುವಂತಿಲ್ಲ. ಬಾಯಾರು ಚರಗಿಯನ್ನು ಕೈಯಲ್ಲಿ ತೆಗೆದುಕೊಂಡು ನಮಸ್ಕಾರ ಮಾಡಿ ಕೆಳಗಿಟ್ಟು, "ನೀರ ಬ್ಯಾಡ್ರಿ, ಚಾ ಕೊಡ್ರಿ. ಛಲೋತ್ನಂಗ ಕುದಿಸ್ರಿ, ಬುಡಬುಡಿ ಏಳಬೇಕು," ಎನ್ನುತ್ತಿದ್ದರು. ಕುದಿಯುವವರೆಗೆ ಒಲೆಯ ಮುಂದೆಯೇ ಕೂತು, ಮಗಳಿಗೆ ಕೊಡುವ ನೀರನ್ನೂ ಹೀಗೆಯೇ ಕುದಿಸಬೇಕೆಂದು ಹೇಳುತ್ತಿದ್ದರು. ಪಿತ್ತದ ಪ್ರಕೃತಿಯ ಹೆಂಗಸು, ಅವತ್ತು ಮನೆಮನೆಯಲ್ಲೂ ಚಹಾ ಕುಡಿದರು. ಎದೆ ಉರಿಯುತ್ತದೆಂದು ನಡುವೆ ಕಟ್ಟೆಯ ಮೇಲೆ ಕೂತರೂ ಮುಂದಿನ ಮನೆಯಲ್ಲಿ ಮತ್ತೆ ಕೇಳಿ ಕುಡಿದರು.

ರೋಗದ ಮೂಲವೂ ಆ ಓಣಿಯಲ್ಲೇ ಸಿಕ್ಕಿತು. ನಳದ ನೀರು ಬರುವ ಹೊತ್ತಿಗೆ ಮನೆಮನೆಯವರೂ ನಳಕ್ಕೆ ಮೋಟರು ಹಚ್ಚಿ ಜಗ್ಗುತ್ತಿದ್ದರು. ಒಬ್ಬರು ಹಚ್ಚಿದರೆ ಪಕ್ಕದವರಿಗೆ ನೀರು ಬರದು, ಅವರೂ ಹಚ್ಚಲೇಬೇಕು. ಹಾಗೆ ಎಲ್ಲರೂ ಜಗ್ಗುವಾಗ ಪೈಪಿನ ಬಿರುಕುಗಳಲ್ಲಿ ಗಟಾರದ ನೀರೂ ಒಳಗೆ ಬರುತ್ತಿತ್ತು. ನಮ್ಮಪ್ಪನ ಮೋಟರು ಓಣಿಗೆಲ್ಲ ದೊಡ್ಡದು. ಬಾಯಾರು ಅದನ್ನು ನೋಡಿದರು. ಅಪ್ಪ ಅವತ್ತೇ ಬಿಚ್ಚಿ ಅಟ್ಟಕ್ಕೆ ಹಾಕಿದ.

ಕೊನೆಯ ಸಾಲಿನ ಒಂದು ಮನೆಯಲ್ಲಿ ಮಾತ್ರ, "ಮಗಳು ಬಂದಾಳೇನ್ರೀ?" ಎಂದರೂ ತಾಯಿ ಇಲ್ಲ ಎಂದಳು. ಮುಖ ಕೊಟ್ಟು ಮಾತಾಡಲಿಲ್ಲ. ಬಾಯಾರು ಎದ್ದು ಹೋಗಬಹುದಿತ್ತು. "ಚಾ ಆದ್ರ ಕುಡಿತೇವಿ," ಎಂದು ಕೂತೇಬಿಟ್ಟರು. ಮಗ್ಗದ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಚಹಾ ಇನ್ನೂ ಕುದಿಯುತ್ತಿರುವಾಗ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ಒಳಕೋಣೆಯಿಂದ ಗಾಜಿನ ಬಳೆಗಳ ಸದ್ದು ಕೇಳಿಸಿತು, ಅದರ ಹಿಂದೆಯೇ ಯಾರೋ ಓಕರಿಸಿದ್ದು.

ತಾಯಿ ಸೆರಗನ್ನು ಬಾಯಿಗೆ ಹಿಡಿದುಕೊಂಡು ಅಳತೊಡಗಿದಳು. "ಯಾರದರ ಕಣ್ಣ ತಾಗೀತಂತ ಹೊರಗ ಬಿಟ್ಟಿಲ್ರೀ. ನಿನ್ನೆಯಿಂದ ವಾಂತಿ ಮಾಡಾಕತ್ತಾಳ. ಬಸರಾಗ ಇದ್ದದ್ದ ಅಂತ ಸುಮ್ನಿದ್ದೇವ್ರಿ."

ಲೋಕಾಪುರಕ್ಕೆ ಕೊಟ್ಟ ಹುಡುಗಿ. ನನಗಿಂತ ಚಿಕ್ಕವಳು, ಶಾಲೆಯಲ್ಲಿ ನನ್ನ ಹಿಂದಿನ ತರಗತಿಯಲ್ಲಿದ್ದವಳು. ಬಾಯಾರು ಆಕೆಯನ್ನು ಬಾಗಿಲ ಬೆಳಕಿಗೆ ಕರೆತಂದು ರೆಪ್ಪೆ ಜಗ್ಗಿ ನೋಡಿದರು. ಬೆಳ್ಳಗ ಅವ ಎನ್ನುತ್ತಾರೆಂದು ನಾನು ಕಾದೆ. ಆಕೆಯ ಕೆನ್ನೆ ಸವರಿ, ನನ್ನ ಕಡೆ ತಿರುಗಿ, "ಗಾಡಿ ಕರಸು," ಎಂದರಷ್ಟೆ.

ದೊಡ್ಡ ದವಾಖಾನೆಯಲ್ಲಿ ಆ ಹುಡುಗಿ ಉಳಿದಳು. ಕೂಸು ಉಳಿಯಲಿಲ್ಲ.

ಆ ಸುದ್ದಿ ಬಂದ ಮೇಲೆ ನನ್ನ ದಿನಗಳು ಹೇಗೆ ಕಳೆದವೋ ಹೇಳಲಾರೆ. ಬೆಳಗಾದರೆ ಕನ್ನಡಿ, ಉಗುರು, ಅಂಗೈ. ಕೂಸು ಒದ್ದರೆ ಸಮಾಧಾನ, ಒಂದಿಷ್ಟು ಹೊತ್ತು ಒದೆಯದಿದ್ದರೆ ಎದ್ದು ಕೂತು ಹೊಟ್ಟೆ ತಟ್ಟುತ್ತಿದ್ದೆ. ಅವ್ವ ಅರಿಸಿನ ಹಚ್ಚಲು ಬಂದರೆ ಬೇಡವೆಂದು ಕೂಗಾಡಿದೆ. ಹಳದಿ ಎಂದರೆ ಸಾಕು, ಗೋಡೆಯ ಬಣ್ಣ ಕಂಡರೂ ಹೆದರಿಕೆ. ಹಲ್ಲು ಉಜ್ಜುವ ಹೊತ್ತಿಗೆ ತಪ್ಪದೆ ಫೋನ್ ಬರುತ್ತಿತ್ತು.

"ಕಣ್ಣು ನೋಡಿಕೊಂಡಿಯೇನು?"

"ಬೆಳ್ಳಗ ಅದಾವ್ರಿ."

"ಇವತ್ತಿಗಾತು. ನಾಳೆದು ನಾಳೆ ನೋಡೋಣು. ಚಿಂತಿ ಮಾಡೋದು ನನಗ ಬಿಡು, ನೀ ಕೆಲಸಾ ಮಾಡು."

ಕೆಲಸ ಬೇಕಾದಷ್ಟಿತ್ತು. ನಾಲ್ಕೂ ತಾಲೂಕಿನ ಕಾರ್ಯಕರ್ತೆಯರಿಗೆ ಫೋನ್ ಮಾಡಿ, ಅವರ ಊರಿನ ಬಸುರಿಯರ ತವರು ಯಾವುದು, ಯಾವಾಗ ಹೋಗುತ್ತಾರೆ ಎಂದು ಕೇಳುತ್ತ ಹೋದೆ. ಗಂಡನ ಮನೆಯ ಚುಕ್ಕೆಯಿಂದ ತವರಿನ ಚುಕ್ಕೆಗೆ ಒಂದೊಂದು ಗೆರೆ ಎಳೆದೆ. ನೋಡನೋಡುತ್ತ ನಕಾಶೆ ಮಗ್ಗದ ಮೇಲೆ ಹಾಸಿನ ನೂಲು ಹರಡಿದಂತೆ ಗೆರೆಗಳಿಂದ ತುಂಬಿತು. ರಬಕವಿಯತ್ತ ಬರುವ ಗೆರೆಗಳನ್ನು ಹಿಡಿದು ಕಾರ್ಯಕರ್ತೆಯರು ಇನ್ನೂ ಕೆಲವರನ್ನು ಹುಡುಕಿದರು, ಹೊರಡಲಿದ್ದವರನ್ನು ಅಲ್ಲಿಯೇ ತಡೆದರು. ತವರಿಗೆ ಬಂದವರಿಗೆ ಒಳಗೆ ಬಣ್ಣ ತುಂಬದ ಹಸಿರು ವೃತ್ತ ಇಡಬೇಕೆಂದು ಬಾಯಾರು ಹೇಳಿದರು. ಮೊದಲ ವೃತ್ತವನ್ನು ನಾನು ನಮ್ಮಪ್ಪನ ಮನೆಯ ಮೇಲೆ ಇಟ್ಟೆ. ಈಗ ನೆನೆದರೆ ವಿಚಿತ್ರವೆನಿಸುತ್ತದೆ, ಅದನ್ನು ಇಟ್ಟ ಮೇಲೆ ನನಗೆ ಸ್ವಲ್ಪ ನಿದ್ದೆ ಬಂತು. ನಾನು ಎಲ್ಲಿದ್ದೇನೆಂದು ಯಾರಿಗೋ ಗೊತ್ತಿದೆ ಎಂಬ ನೆಮ್ಮದಿ ಇರಬೇಕು.

ದಿನ ತುಂಬಿ ಹೆರಿಗೆಯಾಯಿತು. ಹೆಣ್ಣು ಕೂಸು. ಬಾಯಾರು ದವಾಖಾನೆಗೆ ಬಂದವರು ಕೂಸನ್ನು ಎತ್ತಿಕೊಳ್ಳುವ ಮೊದಲು ನನ್ನ ಕಣ್ಣು ನೋಡಿದರು. ಅವತ್ತು "ಇವತ್ತಿಗೆ" ಎನ್ನಲಿಲ್ಲ. "ಆತು," ಎಂದು ಪಕ್ಕದ ಸ್ಟೂಲಿನ ಮೇಲೆ ಕೂತು ಗಳಗಳನೆ ಅತ್ತರು. ಅಷ್ಟು ವಾರ ಬೆಳಗಿನ ಫೋನಿನಲ್ಲಿ ಅಷ್ಟು ಸಲೀಸಾಗಿ ಮಾತಾಡಿದವರು ಒಳಗೆ ಎಷ್ಟು ಹೆದರಿದ್ದರೆಂದು ನನಗೆ ಆಗ ತಿಳಿಯಿತು.

ನನ್ನ ಮಗಳಿಗೆ ಮಾತು ಬರುವ ಹೊತ್ತಿಗೆ ಬಾಯಾರು ಹಾಸಿಗೆ ಹಿಡಿದರು. ಹೊಟ್ಟೆಯ ಕ್ಯಾನ್ಸರು. ಎಲ್ಲರ ಚಿಂತೆಯನ್ನೂ ತಲೆಗೆ ಹಚ್ಚಿಕೊಂಡವರು ತಮ್ಮ ಎದೆಯುರಿಯನ್ನು ಪಿತ್ತವೆಂದು ಬಿಟ್ಟಿದ್ದರು. ಅವರ ಮಗ ಮಿರಜಿಗೆ ಕರೆದೊಯ್ಯಲು ಬಂದ. ಒಪ್ಪಲಿಲ್ಲ. "ಬಾಣಂತನಕ್ಕ ಬಂದಾಳಂತ ತಿಳಕೊಂಡು ನನ್ನ ಇಟಗೋ," ಎಂದು ಅಣ್ಣನ ಹೆಂಡತಿಗೆ ಹೇಳಿದ್ದರಂತೆ.

ಕೊನೆಯ ಸಲ ಹೋದಾಗ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಮಂಚ ಕಿಟಕಿಯ ಪಕ್ಕದಲ್ಲೇ ಇತ್ತು. ಮಗಳನ್ನು ಹತ್ತಿರ ಎಳೆದುಕೊಂಡು, ಆ ಹೆಬ್ಬೆರಳಿನಿಂದ ರೆಪ್ಪೆ ಜಗ್ಗಿ, ಬಹಳ ಹೊತ್ತು ನೋಡಿದರು. "ಬೆಳ್ಳಗ ಅವ," ಎಂದರು. ಅವರ ಕಣ್ಣುಗಳನ್ನು ನಾನೂ ನೋಡಿದೆ. ರೆಪ್ಪೆ ಜಗ್ಗಬೇಕಾಗಿರಲಿಲ್ಲ, ಹಳದಿ ದೂರದಿಂದಲೇ ಕಾಣುತ್ತಿತ್ತು. ನಾನು ನೋಡಿದ್ದು ಅವರಿಗೂ ತಿಳಿಯಿತು. "ಹೇಳಬ್ಯಾಡ, ಗೊತ್ತದ," ಎಂದರು. "ಮುಧೋಳದ ಕಡೀ ಗೆರಿ ತುಂಬಿದಿ ಇಲ್ಲೋ? ಅದೊಂದು ನನಗ ಸಮಾಧಾನ ಇಲ್ಲ."

ಕೆಲವು ದಿನಗಳಲ್ಲಿ ಹೋಗಿಬಿಟ್ಟರು. ನಾನು ಬೀಳಗಿಯಲ್ಲಿದ್ದೆ. ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮ ಕೆಲಸ ಇನ್ನೂ ನಡೆದಿದೆ. ಈಗ ಸರ್ವೆಗೆ ಹೋಗುವವರ ಮೊಬೈಲಿನಲ್ಲಿ ಆ ಪ್ರಶ್ನೆ ಸೇರಿದೆ. ಯಾವ ಮನೆಯನ್ನೂ ಬಿಡಬಾರದು, ಗೊತ್ತಿರುವ ಮನೆಯಾದರೂ ಬಾಗಿಲಿಗೆ ಹೋಗಿ ಬಾಯಿ ಬಿಟ್ಟು ಕೇಳಬೇಕು ಎಂಬುದು ಬಾಯಾರ ಕಟ್ಟಪ್ಪಣೆ. ಮೊನ್ನೆ ಜಮಖಂಡಿಯ ಸರ್ವೆಯಲ್ಲಿ ಅವರ ಓಣಿ ನನ್ನ ಪಾಲಿಗೆ ಬಂತು. ಬೇರೆಯವರಿಗೆ ಕೊಡೋಣವೆಂದುಕೊಂಡೆ, ಮನಸ್ಸಾಗಲಿಲ್ಲ. ಆ ಬಾಗಿಲಲ್ಲಿ ನಿಂತು, ಅವರ ಅಣ್ಣನ ಹೆಂಡತಿಯ ಮುಖ ನೋಡಲಾಗದೆ, ಮೊಬೈಲು ನೋಡುತ್ತ ಕೇಳಿದೆ.

"ಮಗಳು ಬಂದಾಳೇನ್ರೀ?"

ಆ ಮುದುಕಿಗೆ ಈ ಪ್ರಶ್ನೆ ಯಾರದೆಂದು ಗೊತ್ತಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಬಂದಿದ್ಲವಾ," ಎಂದರು. "ಭಾಳ ದಿನಾ ಇದ್ಲು. ಹೋದ್ಲು." ಆಮೇಲೆ ನನ್ನ ಕೈ ಹಿಡಿದು ಒಳಗೆ ಕರೆದರು. "ಬಾ, ಚಾ ಇಡ್ತೇನಿ. ಛಲೋತ್ನಂಗ ಕುದಿಸೇ ಕೊಡ್ತೇನಿ, ಹೆದರಬ್ಯಾಡ."

ಒಳಗೆ ಹೋಗಿ ಕಿಟಕಿಯ ಪಕ್ಕದಲ್ಲಿ ಕೂತೆ. ಮೊಬೈಲಿನಲ್ಲಿ ಪ್ರಶ್ನೆ ಹಾಗೆಯೇ ಇತ್ತು, ಕೆಳಗೆ ಹೌದು, ಇಲ್ಲ ಎಂಬ ಎರಡು ಚೌಕಗಳು. ಒಲೆಯ ಮೇಲೆ ಚಹಾ ಬುಡಬುಡಿ ಎದ್ದಿತು, ಲೋಟಕ್ಕೆ ಬಂತು, ಆರಿಯೂ ಹೋಯಿತು. ಇಲ್ಲ ಎಂದು ಒತ್ತಲು ನನ್ನ ಬೆರಳು ಏಳಲಿಲ್ಲ.